ಮಾಟುಂಗಾದ ಹಳೇ ಕಟ್ಟಡದಲ್ಲಿ ಇಲಿ, ಹೆಗ್ಗಣದ ಕಾಟ: ವಿಷ ಇಡಿಸೋದೋ ಬೇಡವೋ?

ಮೂರನೇ ಮಾಳಿಗೆ, ಮಾಟುಂಗಾ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಾಟುಂಗಾ ಪೂರ್ವದಲ್ಲಿ ನಾಲ್ಕು ಮಾಳಿಗೆಯ ಹಳೇ ಕಟ್ಟಡ. ಲಿಫ್ಟ್ ಇಲ್ಲ. ಕೆಳಗೆ ಒಂದು ಹೋಟೆಲು, ಒಂದು ಕಿರಾಣಿ ಅಂಗಡಿ, ಮೂಲೆಯಲ್ಲಿ ಹೂವಿನವರು. ಸೊಸೈಟಿ ಸೆಕ್ರೆಟರಿ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ.

ಇಲಿ ಕಾಟ ಹೇಳತೀರದು. ಎರಡನೇ ಮಾಳಿಗೆಯವರ ವಾಷಿಂಗ್ ಮೆಷಿನ್ನಿನ ಪೈಪು ಕಡಿದು ನೀರೆಲ್ಲ ಕೆಳಗಿನ ಮನೆಗೆ ಇಳಿಯಿತು. ಕೆಳಗೆ ನಿಲ್ಲಿಸಿದ ಕಾರಿನ ವೈರು ತಿಂದು ಹಾಕಿವೆ. ನಮ್ಮ ಅಡುಗೆಮನೆಯಲ್ಲಿ ರಾತ್ರಿ ಡಬ್ಬಿ ಉರುಳುವ ಸದ್ದು ಕೇಳಿಕೊಂಡೇ ಮಲಗುವ ಹಾಗಾಗಿದೆ. ಹಿಂದುಗಡೆಯ ಸಂದಿಯಲ್ಲಿ ಬೆಕ್ಕಿನಷ್ಟು ದಪ್ಪದ ಹೆಗ್ಗಣ ಹಗಲಲ್ಲೇ ಓಡಾಡುತ್ತವೆ.

ಸಮಿತಿಯಲ್ಲಿ ಹೆಚ್ಚಿನವರು ಪೆಸ್ಟ್ ಕಂಟ್ರೋಲ್‌ನವರಿಗೆ ತಿಂಗಳ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟು ವಿಷ ಇಡಿಸೋಣ ಅಂತಾರೆ. ಮೊದಲ ಮಾಳಿಗೆಯ ಜೈನ್ ಕುಟುಂಬದ ಹಿರಿಯರು ಕೈಮುಗಿದು ಬೇಡ ಅಂದರು, ಅವರ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಇನ್ನೊಂದು ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ. ಪಕ್ಕದ ಕಟ್ಟಡದವರು ವಿಷ ಇಟ್ಟಾಗ ಸಂದಿಯ ಬೆಕ್ಕೊಂದು ಸತ್ತಿತ್ತು, ಅದೇ ವಿಷದಿಂದಲೋ ಏನೋ ಗೊತ್ತಿಲ್ಲ. ಗುತ್ತಿಗೆಗೆ ಸಹಿ ಹಾಕಬೇಕಾದವಳು ನಾನು. ಈ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಠಾಣೆಯ ರಾಯರು:

ಎರಡು ಬೆಕ್ಕು ಸಾಕಿ, ಜೊತೆಗೆ ಗ್ಲೂ ಪ್ಯಾಡ್, ಅಂದರೆ ಅಂಟು ಹಚ್ಚಿದ ಹಲಗೆ ಇಡಿ. ನಮ್ಮಲ್ಲಿ ಹಾಗೇ ಮಾಡಿದ್ದು. ಪಿಂಜರದಲ್ಲಿ ಹಿಡಿದು ದೂರ ಬಿಟ್ಟು ಬರೋದೂ ಒಂದು ದಾರಿ.

ಬೈಂದೂರಿನವ, ದಾದರ್:

ಅಕ್ಕ, ನನ್ನ ಕಸುಬೇ ಪೆಸ್ಟ್ ಕಂಟ್ರೋಲ್. ದಾದರ್‌ನಿಂದ ಸಾಯನ್‌ವರೆಗೆ ಹೋಟೆಲುಗಳು ಶಟರ್ ಎಳೆದ ಮೇಲೆ ನಮ್ಮ ದಿನ ಶುರುವಾಗುವುದು. ವಿಷ ಇಡುವುದರಿಂದಲೇ ನನ್ನ ಮನೆ ನಡೆಯುತ್ತದೆ. ಆದರೂ ಹೇಳುತ್ತೇನೆ, ಈಗಲೇ ಸಹಿ ಹಾಕಬೇಡಿ.

ಮೊದಲು ನಿಮ್ಮಲ್ಲಿರುವುದು ಯಾವ ಇಲಿ ಅಂತ ನೋಡಿಕೊಳ್ಳಿ. ಮುಂಬಯಿ ಕಟ್ಟಡಗಳಲ್ಲಿ ನಮಗೆ ಸಿಗುವುದು ಮುಖ್ಯವಾಗಿ ಮೂರು ಜಾತಿ. ಪೈಪು ಹತ್ತಿ ಮೂರು, ನಾಲ್ಕನೇ ಮಾಳಿಗೆಗೆ ಬರುವುದು ಮಾಳಿಗೆ ಇಲಿ. ಸಪೂರ ಮೈ, ಬಾಲ ಮೈಗಿಂತ ಉದ್ದ. ಗಟಾರದ ಇಲಿ ದಪ್ಪ, ಬಾಲ ಮೈಗಿಂತ ಗಿಡ್ಡ. ಅದು ಒಳಗೆ ಬರುವುದು ಚೇಂಬರ್ (ಗಟಾರದ ಗುಂಡಿ) ಮತ್ತು ಪೈಪಿನಿಂದ. ಇನ್ನು ಮರಾಠಿಯವರು ಘೂಸ್ ಅನ್ನುವ ನಮ್ಮ ಹೆಗ್ಗಣ. ಅದು ನೆಲ ಅಗೆದು ಮಣ್ಣು ಗುಡ್ಡೆ ಹಾಕುತ್ತದೆ, ಅಡಿಪಾಯದ ಪಕ್ಕ ಟೊಳ್ಳು ಮಾಡುತ್ತದೆ. ನೀವು ಬರೆದದ್ದು ನೋಡಿದರೆ ನಿಮ್ಮಲ್ಲಿ ಕನಿಷ್ಠ ಎರಡು ಜಾತಿ ಇವೆ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಸಂದಿಯಲ್ಲಿ ಬಿಲಕ್ಕೆ ಮದ್ದು ಹಾಕಿದರೆ ಮೂರನೇ ಮಾಳಿಗೆಯ ಇಲಿಗೆ ಅದರ ಸುದ್ದಿಯೂ ಮುಟ್ಟದು.

ರಾತ್ರಿ ಹನ್ನೊಂದರ ಮೇಲೆ ಒಳ್ಳೇ ಬ್ಯಾಟರಿ ಹಿಡಿದು ಒಂದು ಸುತ್ತು ಹೋಗಿ. ಇಲಿಗಿಂತ ಮೊದಲು ಅದರ ದಾರಿ ಹುಡುಕಿ. ಗೋಡೆ ನೆಲ ಕೂಡುವ ಮೂಲೆಯಲ್ಲಿ, ಪೈಪಿನ ಬೆನ್ನ ಮೇಲೆ, ತೊಲೆಯ ಕೆಳಗೆ ಜಿಡ್ಡು ಮೆತ್ತಿದ ಕಪ್ಪು ಪಟ್ಟೆ ಕಾಣುತ್ತದೆ. ಇಲಿಗೆ ಕಣ್ಣು ಮಂದ. ಮೀಸೆಯನ್ನೂ ಮೈಯನ್ನೂ ಗೋಡೆಗೆ ತಾಗಿಸಿಕೊಂಡೇ ಓಡುವುದು, ದಿನಾ ಅದೇ ದಾರಿ. ಅದರ ಮೈಯ ಎಣ್ಣೆ, ಗಟಾರದ ಮಣ್ಣು ಸೇರಿ ಆ ಪಟ್ಟೆ ಕೂತಿರುತ್ತದೆ. ಕಡ್ಡಿಯಲ್ಲಿ ಕೆರೆದು ನೋಡಿ: ಮೆತ್ತಗೆ ಅಂಟಿ ಬಂದರೆ ದಾರಿ ಈಗಲೂ ನಡೆಯುತ್ತಿದೆ, ಒಣಗಿ ಹಕ್ಕಳೆಯಂತೆ ಎದ್ದರೆ ಹಳೆಯದು. ಹಿಕ್ಕೆಯೂ ಹಾಗೇ, ಹೊಸದು ಕರ್ರಗೆ ಹೊಳೆಯುತ್ತದೆ, ಹಳೆಯದು ಮಾಸಿ ಪುಡಿಯಾಗುತ್ತದೆ. ಸಂದಿಯಲ್ಲಿ ಬಿಲಗಳಿದ್ದರೆ ಸಂಜೆ ಹಳೇ ಪೇಪರ್ ಉಂಡೆ ಮಾಡಿ ಒಂದೊಂದಕ್ಕೂ ತುರುಕಿ ಬನ್ನಿ. ಬೆಳಗ್ಗೆ ಯಾವುದರಿಂದ ಪೇಪರ್ ಹೊರಗೆ ಬಿದ್ದಿದೆಯೋ ಆ ಬಿಲದಲ್ಲಿ ಸಂಸಾರ ಇದೆ. ಈ ನಕಾಶೆ ಇಲ್ಲದೆ ಯಾರಾದರೂ ಬಂದು ಒಂದೇ ಗಂಟೆಯಲ್ಲಿ ವಿಷದ ಕೇಕ್ ಎಸೆದು ಹೋದರೆ ಅವರಿಗೆ ದುಡ್ಡು ಕೊಡಬೇಡಿ.

ಈಗ ವಿಷದ ಮಾತು. ಜಿಂಕ್ ಫಾಸ್ಫೈಡ್ ತಿಂದ ಇಲಿ ಕೆಲವೇ ಗಂಟೆಗಳಲ್ಲಿ ಒದ್ದಾಡಿ ಸಾಯುತ್ತದೆ. ಸ್ವಲ್ಪ ತಿಂದು ಹೊಟ್ಟೆ ಕೆಟ್ಟು ಬದುಕಿದ್ದು ಮತ್ತೆಂದೂ ಆ ತಿಂಡಿಗೆ ಬಾಯಿ ಹಾಕುವುದಿಲ್ಲ. ಬ್ರೊಮಾಡಿಯೊಲೋನ್ ಕೇಕ್ ಬೇರೆ ಬಗೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಮೂರು ನಾಲ್ಕು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ಕೊಲ್ಲುತ್ತದೆ. ಸಾವಿಗೂ ತಿಂಡಿಗೂ ಸಂಬಂಧ ಇಲಿಗೆ ತಿಳಿಯದ್ದರಿಂದ ಎಲ್ಲವೂ ತಿನ್ನುತ್ತವೆ. ಆದರೆ ಅಷ್ಟು ದಿನ ಆ ಇಲಿ ವಿಷ ಹೊತ್ತು ನಿಧಾನವಾಗಿ ತಿರುಗುತ್ತದೆ, ಬೆಕ್ಕಿಗೋ ಗೂಬೆಗೋ ಸುಲಭವಾಗಿ ಸಿಕ್ಕುತ್ತದೆ. ನೀವು ಹೇಳಿದ ಬೆಕ್ಕು ಹಾಗೆ ಸತ್ತಿರಬಹುದು. ಮತ್ತೆ ಇಲಿ ಎಲ್ಲಿ ಸಾಯುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಫಾಲ್ಸ್ ಸೀಲಿಂಗ್ ಮೇಲೆ ಸತ್ತರೆ ಆ ವಾಸನೆ ಅನುಭವಿಸಿದವರೇ ಬಲ್ಲರು.

ಹಳದಿ ರಂಜಕದ ಪೇಸ್ಟ್ ಮಾತ್ರ ಮನೆಯೊಳಗೆ ತರಲೇಬೇಡಿ. ಮಕ್ಕಳ ಬಾಯಿಗೆ ಹೋದರೆ ಲಿವರ್ ಕೆಟ್ಟುಹೋಗುತ್ತದೆ, ಅದಕ್ಕೆ ಮಾರುಮದ್ದು ಇಲ್ಲ. ಬ್ರೊಮಾಡಿಯೊಲೋನ್‌ಗೆ ವಿಟಮಿನ್ ಕೆ ಆದರೂ ಇದೆ.

ರಾಯರು ಹೇಳಿದ ಗ್ಲೂ ಪ್ಯಾಡ್ ನಾನು ಬಿಟ್ಟುಬಿಟ್ಟಿದ್ದೇನೆ. ಇಲಿ ಅದರ ಮೇಲೆ ಗಂಟೆಗಟ್ಟಲೆ ಅರಚುತ್ತಾ ತನ್ನ ಕಾಲನ್ನೇ ಕಚ್ಚಿಕೊಳ್ಳುತ್ತದೆ, ಹೆದರಿ ಮೂತ್ರ ಹೊಯ್ಯುತ್ತದೆ. ನೋಡಲಾಗದು, ಮುಟ್ಟಲೂ ಬಾರದು. ಬೆಕ್ಕು ಸಣ್ಣ ಮರಿಗಳನ್ನು ಹಿಡಿಯುತ್ತದೆ, ಬೆಳೆದ ಹೆಗ್ಗಣದ ತಂಟೆಗೆ ಹೋಗುವುದಿಲ್ಲ. ಬೆಕ್ಕಿಗೆ ಅಂತ ಇಟ್ಟ ಅನ್ನ ಮೀನು ರಾತ್ರಿ ಇಲಿಯ ಪಾಲು. ಹಿಡಿದು ದೂರ ಬಿಟ್ಟರೆ ಇನ್ನೊಬ್ಬರ ಕಟ್ಟಡಕ್ಕೆ ಕಳಿಸಿದಂತೆ, ಅಷ್ಟೇ.

ಇಷ್ಟೆಲ್ಲ ಮಾಡಿ ಅರ್ಧ ಇಲಿಗಳನ್ನು ಕೊಂದಿರಿ ಅಂತಿಟ್ಟುಕೊಳ್ಳಿ. ಉಳಿದ ಅರ್ಧಕ್ಕೆ ಈಗ ಇಬ್ಬರ ಊಟ. ಇಲಿಯ ಗರ್ಭ ಮೂರು ವಾರದ್ದು, ಒಂದು ಸಲಕ್ಕೆ ಆರು, ಎಂಟು ಮರಿ, ಆ ಮರಿ ಎರಡು ಮೂರು ತಿಂಗಳಲ್ಲಿ ತಾನೇ ಮರಿ ಹಾಕಲು ತಯಾರು. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡೇವಿಡ್ ಡೇವಿಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಊರಿನ ಇಲಿಗಳನ್ನೇ ಎಣಿಸಿ ನೋಡಿದರು. ಬೋನಿಟ್ಟು ಖಾಲಿ ಮಾಡಿದ ಬೀದಿಗಳಲ್ಲಿ ಸ್ವಲ್ಪ ಕಾಲದಲ್ಲೇ ಇಲಿ ಮೊದಲಿನಷ್ಟೇ ಆದವು. ಕಸ ತೆಗೆಸಿ, ಹಳೇ ಕೊಟ್ಟಿಗೆ, ಬೇಲಿ ಸರಿಮಾಡಿದ ಕಡೆ ಮಾತ್ರ ಇಳಿದ ಸಂಖ್ಯೆ ಇಳಿದೇ ಉಳಿಯಿತು. ಈ ಊರಲ್ಲಿ ಹೋಟೆಲಿಂದ ಹೋಟೆಲಿಗೆ ಹೋಗುವ ನನಗೂ ಕಂಡದ್ದು ಅದೇ. ಎಷ್ಟು ಕೂಳು, ಎಷ್ಟು ಬಿಲವೋ ಅಷ್ಟು ಇಲಿ.

ಆದ್ದರಿಂದ ಸೊಸೈಟಿ ದುಡ್ಡಿನ ಮುಕ್ಕಾಲು ಪಾಲು ಗಾರೆ ಕೆಲಸಕ್ಕೆ ಇಡಿ. ಹೆಬ್ಬೆರಳು ತೂರುವಷ್ಟು ಸಂದು ಇದ್ದರೆ ಇಲಿ ನುಗ್ಗುತ್ತದೆ. ಪೈಪು ಗೋಡೆ ದಾಟುವ ಕಡೆಯೆಲ್ಲ ಸಿಮೆಂಟಿನ ಜೊತೆ ಒಡೆದ ಗಾಜು ಸೇರಿಸಿ ಮುಚ್ಚಿಸಿ, ಬರೀ ಸಿಮೆಂಟು ಹಸಿ ಇರುವಾಗಲೇ ಅಗೆದುಹಾಕುತ್ತವೆ. ಥರ್ಮಾಕೋಲ್, ಫೋಮ್ ಏನೂ ನಿಲ್ಲದು. ಬಚ್ಚಲಿನ ನೀರು ಹೋಗುವ ತೂತಿಗೆ (ನಹಾಣಿ ಟ್ರ್ಯಾಪ್) ಗಟ್ಟಿ ಸ್ಟೀಲ್ ಜಾಳಿ, ಬಾಗಿಲ ಕೆಳಗೆ ತಗಡಿನ ಪಟ್ಟಿ, ಹೊರಗೋಡೆಯ ಪೈಪಿಗೆ ಆಳೆತ್ತರದ ಮೇಲೆ ಅಗಲವಾದ ತಗಡಿನ ಕೊರಳಪಟ್ಟಿ. ಪೈಪಿನ ಪಕ್ಕದಲ್ಲೇ ಕೇಬಲ್ ಟಿವಿ, ಇಂಟರ್ನೆಟ್ ವೈರುಗಳ ಗೊಂಚಲು ಇದ್ದರೆ ಅದನ್ನೂ ಗೋಡೆಯಿಂದ ಬಿಡಿಸಿ ಕಟ್ಟಿಸಿ, ಇಲ್ಲದಿದ್ದರೆ ಪಟ್ಟಿ ಹಾಕಿ ಉಪಯೋಗವಿಲ್ಲ.

ಒಂದು ತೂತೂ ಬಿಡದಂತೆ ಇಷ್ಟು ಮಾಡಿದ ಮೇಲೆ ಒಳಗೆ ಉಳಿದವಕ್ಕೆ ಬೋನು. ನಿಮ್ಮ ಮೊದಲ ಮಾಳಿಗೆಯ ಹಿರಿಯರು ಒಪ್ಪುವ ಕೆಲಸವೇ ಇದರಲ್ಲಿ ಹೆಚ್ಚು. ಅವರನ್ನೇ ಮುಂದೆ ನಿಲ್ಲಿಸಿಕೊಳ್ಳಿ.

ಆಳಂದದ ಹುಡುಗ, ಕುರ್ಲಾ:

ಅಕ್ಕಾರ, ನಮ್ಮ ಕಾಕಾ ಮುಂಬಯಿ ಪಾಲಿಕೆಯೊಳಗ ರಾತ್ರಿ ಇಲಿ ಹೊಡಿಯೋ ಕೆಲಸದಾಗ ಇದ್ರು. ಒಂದ ಕೈಯಾಗ ಬ್ಯಾಟ್ರಿ, ಒಂದ ಕೈಯಾಗ ಕೋಲು. ಬೆಳಕ ಕಣ್ಣಿಗೆ ಬಿದ್ರ ಇಲಿ ಒಂದ ಗಳಿಗಿ ನಿಂತಬಿಡತದ, ಆ ಗಳಿಗ್ಯಾಗ ಹೊಡಿಬೇಕು. ರಾತ್ರಿಗೆ 30 ಇಲಿ ಆಗಲೇಬೇಕು, ಮುಂಜಾನೆ ಚೌಕಿಯೊಳಗ ಎಣಿಸಿ ಕೊಡಬೇಕು. ಕಡಿಮಿ ಬಿದ್ರ ಲೆಕ್ಕಾ ಮರುದಿನಕ್ಕ ಏರತದ. ಗಟಾರದ ಬಾಜೂಕ, ಮೀನ ಮಾರ್ಕೆಟಿನ್ಯಾಗ, ಹೌಸ್ ಗಲ್ಲಿಯೊಳಗ ಮೊಣಕಾಲತನ ಕಸದಾಗ ನಿಂತು ಮಾಡೋ ಕೆಲಸರಿ ಅದು. ದಕ್ಷಿಣ ಮುಂಬಯಿ ಹಳೇ ಕಟ್ಟಡದ ನಡುವಿನ ಆ ಗಲ್ಲಿ ಹಿಂದಕ ಪಾಯಖಾನಿ ಬಳಿಯೋ ಮಂದಿ ಬರಲಿಕ್ಕಂತ ಬಿಟ್ಟಿದ್ದು. ಈಗ ಮ್ಯಾಲಿನ ಕಿಡಕಿಯಿಂದ ಒಗದ ಕಸಾ ಎಲ್ಲಾ ಅಲ್ಲೇ ಬೀಳತದ.

ಕಾಕಾ ಒಂದ ಮಾತ ಯಾವಾಗ್ಲೂ ಹೇಳತಿದ್ರು: ಯಾವ ಗಲ್ಲಿಯೊಳಗ ಮಂದಿ ಮ್ಯಾಲಿಂದ ಒಗಿಯೋದ ಬಿಟ್ರೋ, ಅಲ್ಲಿ ನನಗ 30 ಇಲಿ ಸಿಗೂದಿಲ್ಲ ಅಂತ. ನಿಮ್ಮ ಸಂದಿಗೆ ಮಂದಿ ಏನ ಒಗಿತಾರ ನೋಡ್ರಿ ಮೊದಲ. ಪಾಲಿಕೆಯ 1916ಕ್ಕ ಫೋನ್ ಮಾಡಿ ದೂರ ಬರಸ್ರಿ, ವಾರ್ಡ್ ಆಫೀಸಿನ ಕೀಟನಾಶಕ ವಿಭಾಗಕ್ಕ ಸೊಸೈಟಿ ಲೆಟರ್‌ಹೆಡ್ ಮ್ಯಾಲ ಅರ್ಜಿನೂ ಕೊಡ್ರಿ.

ಮೂರನೇ ಮಾಳಿಗೆ, ಮಾಟುಂಗಾ:

ಬೈಂದೂರಿನ ಅಣ್ಣ, ಆಳಂದದ ತಮ್ಮ, ಇಬ್ಬರಿಗೂ ತುಂಬಾ ಉಪಕಾರ ಆಯಿತು. ನಿನ್ನೆ ರಾತ್ರಿ ನಾನೂ ನಮ್ಮ ಯಜಮಾನರೂ ಬ್ಯಾಟರಿ ಹಿಡಿದು ಹೋದೆವು. ಕಪ್ಪು ಪಟ್ಟೆ ಹೋಟೆಲಿನ ಹಿಂಬಾಗಿಲಿನಿಂದ ಶುರುವಾಗಿ ನೇರ ಡೌನ್‌ಟೇಕ್ ಪೈಪು, ಅಂದರೆ ಮೇಲಿನ ಮನೆಗಳ ನೀರು ಇಳಿಯುವ ಪೈಪು ಹತ್ತಿದೆ. ಸಂದಿಯಲ್ಲಿ ಚೇಂಬರಿನ ಒಂದು ಮುಚ್ಚಳವೇ ಇಲ್ಲ, ಹಳೇ ಬಾಗಿಲ ಹಲಗೆ ಮುಚ್ಚಿದ್ದಾರೆ. ಹೋಟೆಲಿನವರು ನಮ್ಮೂರ ಕಡೆಯವರೇ, ಒಳ್ಳೆಯವರು, ಆದರೆ ಕಸದ ಮಾತೆತ್ತಿದರೆ ಮುಖ ಬಾಡಿಸಿಕೊಳ್ಳುತ್ತಾರೆ. ಅವರ ಹತ್ತಿರ ಹೇಗೆ ಮಾತಾಡುವುದು? ಇನ್ನೊಂದು, ನಾಲ್ಕನೇ ಮಾಳಿಗೆಯವರು ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಜೋಳ ಹಾಕುತ್ತಾರೆ. ಅದಕ್ಕೂ ಇಲಿಗೂ ಸಂಬಂಧ ಇದೆಯಾ? ಮಳೆಗಾಲದಲ್ಲಿ ಮಕ್ಕಳು ಇಲಿ ಓಡಾಡಿದ ಕಡೆ ನಿಂತ ನೀರು ತುಳಿದುಕೊಂಡೇ ಶಾಲೆಗೆ ಹೋಗುವುದು, ಭಯ ಆಗುತ್ತದೆ.

ಪರೇಲ್ ನರ್ಸಮ್ಮ:

ಮಳೆನೀರಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಭಯಪಡುವ ವಿಷಯವೇ ಹೌದು, ಆದರೆ ತಡೆಯಬಹುದಾದದ್ದು. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಆ ರೋಗಾಣು ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿರುತ್ತದೆ, ಇಲಿಗೆ ಏನೂ ಆಗುವುದಿಲ್ಲ, ಮೂತ್ರದಲ್ಲಿ ಹೊರಗೆ ಬರುತ್ತಾ ಇರುತ್ತದೆ. ನೀರು ನಿಂತಾಗ ಅದೆಲ್ಲ ನೀರಿಗೆ ಸೇರಿ ನಮ್ಮ ಕಾಲಿನ ಗಾಯ, ಬಿರುಕು, ಕಣ್ಣು ಬಾಯಿಯಿಂದ ಒಳಗೆ ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತಲ್ಲ, ಅದಾದ ಮೇಲಿನ ವಾರಗಳಲ್ಲಿ ಈ ಊರಿನ ಆಸ್ಪತ್ರೆಗಳು ಇದೇ ಜ್ವರದವರಿಂದ ತುಂಬಿದವು.

ನಿಂತ ನೀರಲ್ಲಿ ನಡೆದಿದ್ದರೆ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ. ಡಾಕ್ಸಿಸೈಕ್ಲಿನ್ ಮಾತ್ರೆ ಬೇಕೋ, ಎಷ್ಟು ಬೇಕೋ ಅವರು ಹೇಳುತ್ತಾರೆ. ಪಾಲಿಕೆಯ ದವಾಖಾನೆಯಲ್ಲೂ ಕೊಡುತ್ತಾರೆ. ಬಸುರಿಯರು, ಎಂಟು ವರ್ಷಕ್ಕಿಂತ ಸಣ್ಣ ಮಕ್ಕಳು ತಾವಾಗಿ ಅದನ್ನು ತೆಗೆದುಕೊಳ್ಳಬಾರದು, ಅವರಿಗೆ ಬೇರೆ ಮಾತ್ರೆ ಇದೆ. ಜ್ವರದ ಜೊತೆ ಮೀನಖಂಡ ಹಿಡಿದುಕೊಂಡ ಹಾಗೆ ನೋವು, ಕೆಂಪು ಕಣ್ಣು ಇದ್ದರೆ ಬರೀ ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ಕಾಯಬೇಡಿ. ಮೂತ್ರ ಕಡಿಮೆಯಾಗಿ, ಕಣ್ಣು ಹಳದಿಯಾದ ಮೇಲೆ ಬರುವವರನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಸಂದಿ ತೊಳೆಯುವ ಕೆಲಸದವರಿಗೆ ಗಂಬೂಟು, ಕೈಗವಸು ಸೊಸೈಟಿ ಕೊಡಿಸಲಿ, ಅವರ ಕಾಲೂ ಕಾಲೇ. ಹಿಕ್ಕೆ ಬಿದ್ದ ಕಡೆ ಒಣಗಸ ಗುಡಿಸದೆ, ಮೊದಲು ಬ್ಲೀಚಿಂಗ್ ನೀರು ಚಿಮುಕಿಸಿ ಒರೆಸಿ.

ಬೈಂದೂರಿನವ, ದಾದರ್:

ನರ್ಸಮ್ಮ ಹೇಳಿದ್ದನ್ನು ಅಚ್ಚು ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿ, ಅಕ್ಕ.

ಪಾರಿವಾಳದ ಕಾಳಿಗೂ ಇಲಿಗೂ ನೇರ ಸಂಬಂಧ. ಹಗಲು ಪಾರಿವಾಳ ತಿಂದು ಬಿಟ್ಟದ್ದು ರಾತ್ರಿ ಮಾಳಿಗೆ ಇಲಿಗೆ. 2025ರಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ದಾದರ್ ಕಬೂತರ್‌ಖಾನಾ ಮುಚ್ಚಿದಾಗ ಎಲ್ಲರೂ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆಯ ಮಾತಾಡಿದರು, ಸರಿಯೇ. ಆದರೆ ರಾತ್ರಿ ಕೆಲಸದವರಾದ ನಾವು ಇಂಥ ಜಾಗಗಳಲ್ಲಿ ಕಾಳಿನ ಮೇಲೆ ಇಲಿ ಮುತ್ತಿದ್ದನ್ನೂ ಕಂಡಿದ್ದೇವೆ. ನಾಲ್ಕನೇ ಮಾಳಿಗೆಯವರನ್ನು ನಯವಾಗಿ ಕೇಳಿಕೊಳ್ಳಿ.

ಹೋಟೆಲಿನವರ ವಿಷಯ. ನಾನು ದಿನಾ ಮಾತಾಡುವುದು ಅವರ ಹತ್ತಿರವೇ. ನಿಮ್ಮಿಂದ ಇಲಿ ಅಂದರೆ ಬಾಗಿಲು ಮುಚ್ಚುತ್ತಾರೆ. ಬಂಡವಾಳ ಹಾಕಿದವರಿಗೆ ತಪಾಸಣೆಯವರ ಭಯ, ಗಿರಾಕಿಯ ಭಯ ಇದ್ದೇ ಇರುತ್ತದೆ. ಅವರ ಉಗ್ರಾಣದಲ್ಲಿ ಕೂತು ಅಕ್ಕಿ, ಉದ್ದಿನಬೇಳೆ ಚೀಲ ತೋರಿಸಲು ಹೇಳಿ. ಇಲಿ ತಿಂದದ್ದಕ್ಕಿಂತ ಹಿಕ್ಕೆ, ಮೂತ್ರ ಬಿದ್ದು ಎಸೆಯುವ ಮಾಲೇ ಹೆಚ್ಚು, ಅದು ಅವರಿಗೂ ಗೊತ್ತು. ಚೀಲಗಳನ್ನು ಗೋಡೆಯಿಂದ ಒಂದು ಮೊಳ ದೂರ, ನೆಲದಿಂದ ಒಂದು ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಲಿ. ಮುಖ್ಯವಾಗಿ ರಾತ್ರಿಯ ಒಲಾ ಕಚರಾ, ಅಂದರೆ ಹಸಿ ಕಸ. ಕೊನೆಯ ಪಂಕ್ತಿ ಮುಗಿದ ಮೇಲೆ ಸಾಂಬಾರಿನ ತಳ, ಎಲೆ, ಚಟ್ನಿ ಎಲ್ಲ ಹುಡುಗರು ಕರಿ ಚೀಲದಲ್ಲಿ ಕಟ್ಟಿ ಹಿಂಬಾಗಿಲಲ್ಲಿ ಇಡುತ್ತಾರೆ, ಗಾಡಿ ಬರುವುದು ಬೆಳಗ್ಗೆ. ಆ ಆರೇಳು ಗಂಟೆಯೇ ನಿಮ್ಮ ಕಟ್ಟಡದ ಇಲಿಗಳ ಊಟದ ಹೊತ್ತು. ಗಟ್ಟಿ ಮುಚ್ಚಳ, ಚಕ್ರ ಇರುವ ಡಬ್ಬ ಸೊಸೈಟಿ ದುಡ್ಡಲ್ಲೇ ಕೊಡಿಸಿ. ಗುಡಿಸುವ ಹುಡುಗನಿಗೆ ನೀವೇ ಹೋಗಿ ತೋರಿಸಿಕೊಡಿ, ಯಜಮಾನರಿಗೆ ಹೇಳಿದ್ದು ಅವನವರೆಗೆ ಮುಟ್ಟುವುದಿಲ್ಲ. ರುಬ್ಬುವ ಯಂತ್ರದ ಕೆಳಗೆ ಬಿದ್ದ ಹಿಟ್ಟನ್ನೂ ಅವನೇ ರಾತ್ರಿ ಬಳಿಯಬೇಕು.

ಮಾಟುಂಗಾದವರು ಈ ಕೆಲಸ ಮಾಡಲೇಬೇಕು ಅಂತ ನನಗೆ ಮನಸ್ಸಿನಿಂದ ಅನಿಸುತ್ತದೆ. 1896ರಲ್ಲಿ ಈ ಊರಿನ ಮಾಂಡ್ವಿಯಲ್ಲಿ ಡಾ. ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಊರು ಅರ್ಧ ಖಾಲಿಯಾಯಿತು. ಗಾಳಿ ಬೆಳಕಿಲ್ಲದ ಗಿಜಿಗುಡುವ ಓಣಿಗಳೇ ಕಾರಣ ಅಂತ 1898ರಲ್ಲಿ ಸರ್ಕಾರ ಊರು ಸುಧಾರಿಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ದಾದರ್, ಮಾಟುಂಗಾದ ಅಗಲ ರಸ್ತೆ, ಮರ, ಕಟ್ಟಡದ ನಡುವೆ ಬಿಟ್ಟ ಜಾಗ ಎಲ್ಲ ಆ ಟ್ರಸ್ಟ್ ಹಾಕಿದ ನಕಾಶೆ. ನಮ್ಮ ಊರ ಕಡೆಯವರು ಆಮೇಲೆ ಬಂದು ಹೋಟೆಲು ಹಾಕಿದ್ದು ಆ ನೆಲದಲ್ಲಿ. ಇಲಿಯ ಮೈಮೇಲಿನ ಚಿಗಟವೇ ಪ್ಲೇಗ್ ಹರಡುವುದು ಅಂತ ಫ್ರೆಂಚ್ ವೈದ್ಯ ಸಿಮೊಂಡ್ ಕರಾಚಿಯಲ್ಲಿ 1898ರಲ್ಲಿ ಕಂಡುಕೊಂಡರು. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಮನುಷ್ಯನನ್ನು ಹುಡುಕುತ್ತದೆ. ಇವತ್ತೂ ಸತ್ತ ಇಲಿಯನ್ನು ಬರಿಗೈಲಿ ಎತ್ತಬೇಡಿ ಅನ್ನುವುದು ಇದಕ್ಕೇ. ಆಗ ಗಾಳಿಗೆಂದು ಬಿಟ್ಟ ಆ ಜಾಗ ಇವತ್ತು ನಿಮ್ಮ ಹಿಂದಿನ ಸಂದಿ, ಅಲ್ಲೇ ಹೆಗ್ಗಣ ಓಡಾಡುತ್ತಿವೆ. ನನಗೆ ಇದು ಸಂಕಟದ ವಿಷಯ.

ಪಕ್ಕದ ಎರಡು ಕಟ್ಟಡದವರನ್ನೂ ಕರೆದು ಒಂದೇ ವಾರದಲ್ಲಿ ಎಲ್ಲರೂ ಮುಚ್ಚುವ ಕೆಲಸ ಮಾಡಿಸಿ, ಮಳೆಗಾಲ ಶುರುವಾಗುವ ಮುಂಚೆ. ನೀರು ತುಂಬಿದರೆ ಬಿಲದ ಹೆಗ್ಗಣವೆಲ್ಲ ಮೇಲಕ್ಕೆ, ನಿಮ್ಮ ಮನೆಯೊಳಕ್ಕೆ.

ಅಷ್ಟಾದ ಮೇಲೂ ಸಂದಿಯ ಹೆಗ್ಗಣಕ್ಕೆ ವಿಷ ಬೇಕಾದರೆ ಗುತ್ತಿಗೆಯಲ್ಲಿ ಇಷ್ಟು ಬರೆಸಿ: ವಿಷದ ಹೆಸರು, ಅದರ ಮಾರುಮದ್ದು, ಬೀಗ ಇರುವ ಬೈಟ್ ಪೆಟ್ಟಿಗೆಯಲ್ಲೇ ಇಡಬೇಕು, ಬಿಡಿಯಾಗಿ ಅಲ್ಲ, ಪೆಟ್ಟಿಗೆ ಎಲ್ಲೆಲ್ಲಿದೆ ಅನ್ನುವ ಕಾಗದ ನಿಮ್ಮ ಕೈಗೆ, ಸತ್ತದ್ದನ್ನು ಅದೇ ದಿನ ಅವರೇ ಎತ್ತಬೇಕು, ಉಳಿದ ಕೇಕ್ ತೂಕ ಮಾಡಿ ವಾಪಸ್ ಒಯ್ಯಬೇಕು. ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಜನ ಮಲಗುವ ಕಟ್ಟಡದ ಪಕ್ಕ ಯಾವ ಕಾರಣಕ್ಕೂ ಬೇಡ, ಅದರ ಅನಿಲ ಗೋಡೆಯ ಬಿರುಕಿನಿಂದ ಒಳಗೆ ಬರುತ್ತದೆ.

ಆ ಚೇಂಬರಿನ ಬಾಯಿಯ ಅಳತೆ ತೆಗೆದು ಇಲ್ಲಿ ಹಾಕಿ. ಬೀಡು ಕಬ್ಬಿಣದ ಮುಚ್ಚಳ ಹಾಕಿಸಿದರೆ ಮತ್ತೆ ಕದ್ದು ಹೋಗುತ್ತದೆ, ಕಾಂಕ್ರೀಟಿನದು ಹಾಕಿಸೋಣ. ಮಾಡಿಕೊಡುವವರು ಸಾಯನ್ ಕಡೆ ನನಗೆ ಗೊತ್ತಿದ್ದಾರೆ.